ಸ್ಪ್ಲೈಸಿಂಗ್ ತಾಣವನ್ನು ಬಿಟ್‌ಗಳಲ್ಲಿ ಅಳೆಯುವುದು ಹೇಗೆ? ಬೀಟಾ ಗ್ಲೋಬಿನ್‌ನಿಂದ ತೊಗರಿಯವರೆಗೆ

ಜೀವಶಾಸ್ತ್ರದ ಪಠ್ಯದಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ಇಂಟ್ರಾನ್ (ಜೀನಿನ ಸಂದೇಶದಿಂದ ಕತ್ತರಿಸಿ ತೆಗೆಯುವ ತುಣುಕು) ‘ಜಿಟಿ’ಯಿಂದ ಶುರುವಾಗಿ ‘ಎಜಿ’ಯಲ್ಲಿ ಮುಗಿಯುತ್ತದೆ. ಸಾಲು ಸುಳ್ಳಲ್ಲ, ಆದರೆ ಅದನ್ನು ಬಾಯಿಪಾಠ ಮಾಡಿದವರು ಮುಂದಿನ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳು ಸಮಪ್ರಮಾಣದಲ್ಲಿ ಬೆರೆತ ಡಿಎನ್‌ಎಯಲ್ಲಿ ಸರಾಸರಿ 16 ಅಕ್ಷರಗಳಿಗೊಂದು ‘ಜಿಟಿ’ ಬರುತ್ತದೆ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ತಯಾರಿಸುವ, ಮನುಷ್ಯನ ಬೀಟಾ ಗ್ಲೋಬಿನ್ ಜೀನು ಸುಮಾರು 1,600 ಅಕ್ಷರಗಳಷ್ಟು ಉದ್ದ. ಅಂದರೆ ಅದರಲ್ಲಿ ನೂರರ ಆಸುಪಾಸು ‘ಜಿಟಿ’ಗಳು ಇರಬೇಕು. ಜೀವಕೋಶ ಅವುಗಳಲ್ಲಿ ಎರಡನ್ನು ಮಾತ್ರ ಇಂಟ್ರಾನಿನ ಆರಂಭವೆಂದು ಆರಿಸಿಕೊಳ್ಳುತ್ತದೆ. ಯಾವ ಗುರುತು ಹಿಡಿದು ಆರಿಸುತ್ತದೆ, ಆ ಗುರುತು ಎಷ್ಟು ಬಲವಾದದ್ದು ಎಂಬುದನ್ನು ಅಂಕಿಯಲ್ಲಿ ಹೇಳುವ ಸಾಧನವೇ ಮಾಹಿತಿ ಸಿದ್ಧಾಂತ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಲೇಜುಗಳಲ್ಲಿ ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಗಣಕ ವಿಜ್ಞಾನ ಓದುತ್ತಿರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಎಂಎಸ್‌ಸಿ ಮಾಡುತ್ತಿರುವವರಿಗೆ ಇದು ಪ್ರಾಜೆಕ್ಟ್ ಆಗಬಲ್ಲದು. ಹುಮನಾಬಾದ್, ಸುರಪುರದಂಥ ಊರಿನ ಪದವಿ ವಿದ್ಯಾರ್ಥಿಗೂ ಇದು ಕೈಗೆಟುಕುತ್ತದೆ, ಏಕೆಂದರೆ ಇದಕ್ಕೆ ಪ್ರಯೋಗಾಲಯ ಬೇಡ, ರಾಸಾಯನಿಕ ಬೇಡ. ನೋಟ್‌ಬುಕ್ಕು ಮತ್ತು ಲಾಗ್ ಗುಂಡಿಯಿರುವ ಕ್ಯಾಲ್ಕುಲೇಟರ್ ಇದ್ದರೆ ಮೊದಲ ಅರ್ಧ ಮುಗಿಯುತ್ತದೆ. ಉಳಿದ ಅರ್ಧಕ್ಕೆ ಸಾಧಾರಣ ಲ್ಯಾಪ್‌ಟಾಪ್ ಮತ್ತು ಇಂಟರ್ನೆಟ್ ಸಾಕು. ಲೆಕ್ಕವನ್ನು ಮೊದಲ ಸಲ ಕೈಯಿಂದಲೇ ಮಾಡಬೇಕು ಎಂಬುದು ನನ್ನ ಬಲವಾದ ನಂಬಿಕೆ. ತಂತ್ರಾಂಶ ಕೊಡುವ ಅಂಕಿ ಎಲ್ಲಿಂದ ಹುಟ್ಟಿತು ಎಂದು ಗೊತ್ತಿಲ್ಲದವರು ಆ ಅಂಕಿಯನ್ನು ಯಾವಾಗ ನಂಬಬಾರದು ಎಂದು ಹೇಗೆ ತಿಳಿದುಕೊಳ್ಳುತ್ತಾರೆ?

ಗೊತ್ತಿರಬೇಕಾದ ಹಿನ್ನೆಲೆ

ಜೀನಿನಿಂದ ಮೊದಲು ತಯಾರಾಗುವ ಆರ್‌ಎನ್‌ಎಯಲ್ಲಿ ಎಕ್ಸಾನ್‌ಗಳೂ ಇಂಟ್ರಾನ್‌ಗಳೂ ಸರದಿಯಲ್ಲಿ ಇರುತ್ತವೆ. ಇಂಟ್ರಾನ್‌ಗಳನ್ನು ಕತ್ತರಿಸಿ ತೆಗೆದು ಎಕ್ಸಾನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸವೇ ಸ್ಪ್ಲೈಸಿಂಗ್. ಇದು 1977ರಲ್ಲಿ ಬೆಳಕಿಗೆ ಬಂತು. ಅದಕ್ಕಾಗಿ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇಂಟ್ರಾನಿನ ಆರಂಭದ ಗಡಿಯನ್ನು ಡೋನರ್ ತಾಣ ಎಂದೂ ಕೊನೆಯ ಗಡಿಯನ್ನು ಅಕ್ಸೆಪ್ಟರ್ ತಾಣ ಎಂದೂ ಕರೆಯುತ್ತಾರೆ. ಕತ್ತರಿಸುವ ಯಂತ್ರದ ಹೆಸರು ಸ್ಪ್ಲೈಸಿಯೋಸೋಮ್. ಅದರಲ್ಲಿರುವ ಯು1 ಎಂಬ ಪುಟ್ಟ ಆರ್‌ಎನ್‌ಎ ಡೋನರ್ ತಾಣದ ಅಕ್ಷರಗಳ ಜೊತೆ ಜೋಡಿಯಾಗಿ ಕೂರುತ್ತದೆ. ಜೋಡಿ ಚೆನ್ನಾಗಿ ಹೊಂದಿದಷ್ಟೂ ಹಿಡಿತ ಗಟ್ಟಿ.

ಇನ್ನೊಂದು ಕಡೆಯಿಂದ, 1948ರಲ್ಲಿ ಕ್ಲಾಡ್ ಶಾನನ್ ಸಂದೇಶಗಳಲ್ಲಿರುವ ಮಾಹಿತಿಯನ್ನು ಅಳೆಯುವ ಗಣಿತವನ್ನು ಕಟ್ಟಿಕೊಟ್ಟರು. ಟೆಲಿಫೋನ್ ತಂತಿಗಳಿಗಾಗಿ ಹುಟ್ಟಿದ ಆ ಗಣಿತವನ್ನು ಟಾಮ್ ಷ್ನೈಡರ್ ಮತ್ತು ಸಂಗಡಿಗರು 1986ರಲ್ಲಿ ಪ್ರೋಟೀನುಗಳು ಹಿಡಿಯುವ ಡಿಎನ್‌ಎ ತಾಣಗಳಿಗೆ ಅನ್ವಯಿಸಿದರು. 1990ರಲ್ಲಿ ಷ್ನೈಡರ್ ಮತ್ತು ಮೈಕೆಲ್ ಸ್ಟೀಫನ್ಸ್ ‘ಸೀಕ್ವೆನ್ಸ್ ಲೋಗೋ’ ಎಂಬ ಚಿತ್ರವಿಧಾನವನ್ನು ಮುಂದಿಟ್ಟರು. 1992ರಲ್ಲಿ ಅದೇ ಇಬ್ಬರು ಮನುಷ್ಯನ ಸ್ಪ್ಲೈಸಿಂಗ್ ತಾಣಗಳನ್ನು ಬಿಟ್‌ಗಳಲ್ಲಿ ಅಳೆದರು. ನಾವು ಮಾಡಲಿರುವುದು ಅದೇ ಬಗೆಯ ಲೆಕ್ಕ.

ಬಿಟ್ ಅಂದರೇನು? ಆಳಂದ, ಅಫಜಲಪುರ, ಚಿತ್ತಾಪುರ, ಸೇಡಂ ಈ ನಾಲ್ಕರಲ್ಲಿ ಒಂದು ಊರನ್ನು ನಿಮ್ಮ ಗೆಳತಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ ಎನ್ನಿ. ಹೌದು ಅಥವಾ ಅಲ್ಲ ಎಂಬ ಉತ್ತರ ಮಾತ್ರ ಸಿಗುತ್ತದೆ. ‘ಆಳಂದ, ಅಫಜಲಪುರ ಇವೆರಡರಲ್ಲಿ ಒಂದೇ?’ ಎಂದು ಕೇಳಿ, ಉಳಿದ ಎರಡರ ನಡುವೆ ಮತ್ತೊಂದು ಪ್ರಶ್ನೆ ಕೇಳಿದರೆ ಊರು ಸಿಕ್ಕಿತು. ಎರಡು ಪ್ರಶ್ನೆ, ಎರಡು ಬಿಟ್. ಆದರೆ ಅವಳು ಹತ್ತಕ್ಕೆ ಎಂಟು ಸಲ ಸೇಡಂ ಅನ್ನೇ ನೆನೆಯುತ್ತಾಳೆ ಎಂದು ನಿಮಗೆ ಮೊದಲೇ ತಿಳಿದಿದ್ದರೆ ಉಳಿದಿರುವ ಅನಿಶ್ಚಿತತೆ ಎರಡು ಬಿಟ್‌ಗಿಂತ ಕಡಿಮೆ. ಎಷ್ಟು ಕಡಿಮೆಯಾಯಿತೋ ಅಷ್ಟು ಮಾಹಿತಿ ನಿಮ್ಮ ಕೈಯಲ್ಲಿ ಇದ್ದಂತೆ. ಡಿಎನ್‌ಎಯ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಿಗೂ ಇದೇ ಲೆಕ್ಕ: ಒಂದು ಸ್ಥಾನದ ಗರಿಷ್ಠ ಮಾಹಿತಿ 2 ಬಿಟ್, ಕನಿಷ್ಠ ಸೊನ್ನೆ.

ಹೆಜ್ಜೆ 1: ಎಣಿಕೆಯ ಕೋಷ್ಟಕ

ಡೋನರ್ ತಾಣದ ಒಂಬತ್ತು ಸ್ಥಾನಗಳನ್ನು ತೆಗೆದುಕೊಳ್ಳಿ. ಎಕ್ಸಾನಿನ ಕೊನೆಯ ಮೂರು ಅಕ್ಷರಗಳು −3, −2, −1. ಇಂಟ್ರಾನಿನ ಮೊದಲ ಆರು +1ರಿಂದ +6. ಈ ಪದ್ಧತಿಯಲ್ಲಿ ಸೊನ್ನೆ ಎಂಬ ಸ್ಥಾನವಿಲ್ಲ. ಪ್ರೋಗ್ರಾಂ ಬರೆಯುವಾಗ ಇದನ್ನು ಮರೆತರೆ ಇಡೀ ಕೋಷ್ಟಕ ಒಂದು ಮನೆ ಸರಿದುಬಿಡುತ್ತದೆ.

ಮನುಷ್ಯನ ಡೋನರ್ ತಾಣಗಳಲ್ಲಿ ಪ್ರತಿ ಅಕ್ಷರ ಶೇಕಡಾ ಎಷ್ಟು ಸಲ ಬರುತ್ತದೆ ಎಂಬುದರ ದುಂಡಗೆ ಮಾಡಿದ ಅಂಕಿಗಳು ಇವು. ಅಭ್ಯಾಸಕ್ಕೆ ಇಷ್ಟು ನಿಖರತೆ ಸಾಕು.

−3: ಎ 33, ಸಿ 37, ಜಿ 18, ಟಿ 12
−2: ಎ 60, ಸಿ 13, ಜಿ 14, ಟಿ 13
−1: ಎ 8, ಸಿ 4, ಜಿ 81, ಟಿ 7
+1: ಜಿ 100
+2: ಟಿ 100
+3: ಎ 49, ಸಿ 3, ಜಿ 45, ಟಿ 3
+4: ಎ 71, ಸಿ 7, ಜಿ 12, ಟಿ 10
+5: ಎ 6, ಸಿ 5, ಜಿ 84, ಟಿ 5
+6: ಎ 15, ಸಿ 19, ಜಿ 20, ಟಿ 46

ನಿಜದಲ್ಲಿ +2ರಲ್ಲಿ ನೂರಕ್ಕೆ ಒಂದರಷ್ಟು ಕಡೆ ‘ಸಿ’ ಬರುತ್ತದೆ, ಅಂದರೆ ‘ಜಿಸಿ’ಯಿಂದ ಶುರುವಾಗುವ ಇಂಟ್ರಾನ್‌ಗಳೂ ಇವೆ. ಸದ್ಯಕ್ಕೆ ಅವುಗಳನ್ನು ಬದಿಗಿಡೋಣ.

ಪಠ್ಯಪುಸ್ತಕಗಳು ಈ ಕೋಷ್ಟಕದ ಪ್ರತಿ ಸಾಲಿನಿಂದ ದೊಡ್ಡ ಅಂಕಿಯ ಅಕ್ಷರವನ್ನು ಮಾತ್ರ ಆರಿಸಿ ‘ಸಿಎಜಿ, ಜಿಟಿಎಎಜಿಟಿ’ ಎಂಬ ಒಮ್ಮತದ ಅನುಕ್ರಮವನ್ನು ಕೊಡುತ್ತವೆ. ಹಾಗೆ ಮಾಡಿದಾಗ ಏನು ಕಳೆದುಹೋಯಿತು ನೋಡಿ. −3ರಲ್ಲಿ ‘ಸಿ’ ಗೆದ್ದದ್ದು 37 ಅಂಕದಿಂದ, +5ರಲ್ಲಿ ‘ಜಿ’ ಗೆದ್ದದ್ದು 84ರಿಂದ. ಒಮ್ಮತದ ಅನುಕ್ರಮದಲ್ಲಿ ಇವೆರಡೂ ಒಂದೇ ತೂಕದ ಅಕ್ಷರಗಳಾಗಿ ಕಾಣುತ್ತವೆ. ಅದರ ಆಧಾರದ ಮೇಲೆ ಒಂದು ಉತ್ಪರಿವರ್ತನೆ (ಡಿಎನ್‌ಎಯ ಅಕ್ಷರ ಬದಲಾಗುವುದು) ಅಪಾಯಕಾರಿಯೋ ಅಲ್ಲವೋ ಎಂದು ತೀರ್ಮಾನಿಸುವುದು ಸರಿಯಲ್ಲ.

ಹೆಜ್ಜೆ 2: ಪ್ರತಿ ಸ್ಥಾನದ ಮಾಹಿತಿ

ಒಂದು ಸ್ಥಾನವನ್ನು ಪೂರ್ತಿ ಮಾಡಿ ತೋರಿಸುತ್ತೇನೆ. −1ರ ಅಂಕಿಗಳನ್ನು ಭಿನ್ನರಾಶಿಗೆ ತನ್ನಿ: 0.08, 0.04, 0.81, 0.07. ಪ್ರತಿಯೊಂದಕ್ಕೂ ಅದರ ಬೇಸ್ 2 ಲಾಗ್ ಕಂಡುಹಿಡಿಯಿರಿ. ಕ್ಯಾಲ್ಕುಲೇಟರಿನಲ್ಲಿ ಸಾಮಾನ್ಯ ಲಾಗ್ ಮಾತ್ರ ಇದ್ದರೆ ಬಂದ ಉತ್ತರವನ್ನು 0.301ರಿಂದ ಭಾಗಿಸಿ. 0.81ಕ್ಕೆ −0.304 ಬರುತ್ತದೆ. ಭಿನ್ನರಾಶಿಯನ್ನು ಅದರ ಲಾಗ್‌ನಿಂದ ಗುಣಿಸಿ, ಋಣ ಚಿಹ್ನೆಯನ್ನು ತೆಗೆದರೆ ನಾಲ್ಕು ಅಕ್ಷರಗಳಿಗೆ ಕ್ರಮವಾಗಿ 0.29, 0.19, 0.25, 0.27. ಕೂಡಿದರೆ ಸುಮಾರು 0.99. ಇದು ಉಳಿದಿರುವ ಅನಿಶ್ಚಿತತೆ. ಎರಡರಿಂದ ಕಳೆದರೆ 1.01 ಬಿಟ್. ಇದು −1ನೆಯ ಸ್ಥಾನ ಹೊತ್ತಿರುವ ಮಾಹಿತಿ.

ಉಳಿದವುಗಳನ್ನು ನೀವೇ ಮಾಡಿ, ಆಮೇಲೆ ಈ ಉತ್ತರಗಳೊಂದಿಗೆ ತಾಳೆ ನೋಡಿ: −3ಕ್ಕೆ 0.13, −2ಕ್ಕೆ 0.40, +1 ಮತ್ತು +2ಕ್ಕೆ ಪೂರ್ತಿ 2, +3ಕ್ಕೆ 0.67, +4ಕ್ಕೆ 0.68, +5ಕ್ಕೆ 1.11, +6ಕ್ಕೆ 0.16. ಒಟ್ಟು ಸುಮಾರು 8.2 ಬಿಟ್. ಗ್ರಾಫ್ ಹಾಳೆಯಲ್ಲಿ ಪ್ರತಿ ಸ್ಥಾನಕ್ಕೂ ಇಷ್ಟೆತ್ತರದ ಕಂಬ ಬರೆದು, ಕಂಬದೊಳಗೆ ನಾಲ್ಕು ಅಕ್ಷರಗಳನ್ನು ಅವುಗಳ ಶೇಕಡಾ ಪ್ರಮಾಣಕ್ಕೆ ತಕ್ಕಂತೆ ಒಂದರ ಮೇಲೊಂದು ಬರೆದರೆ ನಿಮ್ಮ ಮೊದಲ ಸೀಕ್ವೆನ್ಸ್ ಲೋಗೋ ಸಿದ್ಧ.

ಒಂದು ಎಚ್ಚರಿಕೆ. ನಿಮ್ಮ ಬಳಿ ತಾಣಗಳ ಸಂಖ್ಯೆ ಕಡಿಮೆ ಇದ್ದಾಗ ಮಾಹಿತಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಇದನ್ನು ಸರಿಪಡಿಸಲು ಪ್ರತಿ ಸ್ಥಾನದಿಂದ ಸುಮಾರು 2.16ನ್ನು ತಾಣಗಳ ಸಂಖ್ಯೆಯಿಂದ ಭಾಗಿಸಿದಷ್ಟು ಕಳೆಯಬೇಕು. 20 ತಾಣಗಳಿದ್ದರೆ ಸ್ಥಾನಕ್ಕೆ 0.11 ಬಿಟ್, ಒಂಬತ್ತು ಸ್ಥಾನಗಳಿಗೆ ಸೇರಿ ಸರಿಸುಮಾರು ಒಂದು ಬಿಟ್ ಹೋಗುತ್ತದೆ. ಸಾವಿರ ತಾಣಗಳಿದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಇಪ್ಪತ್ತು ತಾಣಗಳಿಂದ ಸುಂದರ ಲೋಗೋ ಬಿಡಿಸಿ ದೊಡ್ಡ ತೀರ್ಮಾನಕ್ಕೆ ಬರುವ ಪ್ರಾಜೆಕ್ಟ್ ವರದಿಗಳು ಇಲ್ಲಿಯೇ ಎಡವುತ್ತವೆ.

ಹೆಜ್ಜೆ 3: ಇಷ್ಟು ಮಾಹಿತಿ ಸಾಕೇ?

ಮಾಹಿತಿ ಸಿದ್ಧಾಂತದ ಸೊಗಸು ಇರುವುದು ಈ ಪ್ರಶ್ನೆಯಲ್ಲಿ. ತಾಣದಲ್ಲಿ ಎಷ್ಟು ಮಾಹಿತಿ ಇದೆ ಎಂದು ಅಳೆದೆವು. ತಾಣವನ್ನು ಹುಡುಕಲು ಎಷ್ಟು ಮಾಹಿತಿ ಬೇಕು ಎಂಬುದನ್ನು ಬೇರೆ ದಾರಿಯಿಂದ ಲೆಕ್ಕ ಹಾಕಬಹುದು. ಬೀಟಾ ಗ್ಲೋಬಿನ್‌ನ 1,600 ಅಕ್ಷರಗಳಲ್ಲಿ ಎರಡು ಡೋನರ್‌ಗಳು, ಅಂದರೆ 800 ಅಕ್ಷರಗಳಿಗೆ ಒಂದು. 800ರ ಬೇಸ್ 2 ಲಾಗ್ 9.6. ಬೇಕಾದದ್ದು 9.6 ಬಿಟ್, ತಾಣದಲ್ಲಿ ಸರಾಸರಿ ಇರುವುದು 8.2. ಹಾಗಾದರೆ 8.2 ಬಿಟ್‌ಗಳ ಗುರುತಿನಿಂದ ಮಾತ್ರ ಹುಡುಕಿದರೆ ಸುಮಾರು 290 ಅಕ್ಷರಗಳಿಗೊಮ್ಮೆ ಒಂದು ತಾಣ ಸಿಕ್ಕಂತಾಗುತ್ತದೆ, ಇಡೀ ಜೀನಿನಲ್ಲಿ ಐದಾರು. ಇಂಟ್ರಾನ್‌ಗಳು ಸಾವಿರಾರು ಅಕ್ಷರಗಳಷ್ಟು ಉದ್ದವಿರುವ ಜೀನುಗಳಲ್ಲಿ ಈ ಕೊರತೆ ಇನ್ನೂ ದೊಡ್ಡದು.

ಕೊರತೆಯನ್ನು ತುಂಬುವುದು ತಾಣದ ಹೊರಗಿನ ಸಂಕೇತಗಳು: ಎಕ್ಸಾನಿನ ಆಚೆ ತುದಿಯಲ್ಲಿರುವ ಅಕ್ಸೆಪ್ಟರ್ ತಾಣ, ಎಕ್ಸಾನಿನ ಒಳಗಿನ ಉತ್ತೇಜಕ ತುಣುಕುಗಳು, ಕತ್ತರಿಸಬೇಡ ಎಂದು ತಡೆಯುವ ತುಣುಕುಗಳು. ಕೊರತೆ ಇದೆ ಎಂದು ಲೆಕ್ಕ ಹೇಳಿದಾಗ ಅದನ್ನು ಲೆಕ್ಕದ ಸೋಲು ಎಂದು ಭಾವಿಸಬೇಡಿ. ಬೇರೆ ಕಡೆ ಹುಡುಕಿ ಎಂದು ಅದು ನಿಮಗೆ ದಿಕ್ಕು ತೋರಿಸುತ್ತಿದೆ.

ಹೆಜ್ಜೆ 4: ಒಂದೇ ಒಂದು ತಾಣದ ಬಲ

ಸರಾಸರಿಯಿಂದ ಒಂದು ನಿರ್ದಿಷ್ಟ ತಾಣಕ್ಕೆ ಇಳಿಯೋಣ. ಇದಕ್ಕೆ ಸೂತ್ರ ಇನ್ನೂ ಸರಳ: ಪ್ರತಿ ಸ್ಥಾನದಲ್ಲಿರುವ ಅಕ್ಷರದ ಭಿನ್ನರಾಶಿಯ ಲಾಗ್‌ಗೆ 2 ಕೂಡಿ, ಒಂಬತ್ತೂ ಸ್ಥಾನಗಳ ಮೊತ್ತ ಮಾಡಿ.

ಬೀಟಾ ಗ್ಲೋಬಿನ್‌ನ ಮೊದಲ ಇಂಟ್ರಾನಿನ ಡೋನರ್ ತಾಣ: ಸಿ ಎ ಜಿ, ಗಡಿ, ಜಿ ಟಿ ಟಿ ಜಿ ಜಿ ಟಿ. ಕೋಷ್ಟಕದಿಂದ ಕ್ರಮವಾಗಿ 0.57, 1.26, 1.70, 2, 2, −3.06, −1.06, 1.75, 0.88. ಮೊತ್ತ 6.0 ಬಿಟ್. +3ರಲ್ಲಿ ‘ಟಿ’ ಇರುವುದು ಅಪರೂಪ, ಅದಕ್ಕೇ ಅಲ್ಲಿ ಮೂರು ಬಿಟ್‌ಗಳ ನಷ್ಟ. ಸರಾಸರಿಗಿಂತ ದುರ್ಬಲ ತಾಣ ಇದು, ಆದರೂ ಆರೋಗ್ಯವಂತರಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಜೀನಿನ ಅನುಕ್ರಮವನ್ನು ಇಳಿಸಿಕೊಳ್ಳುವಾಗ ಒಂದು ಮಾತು ನೆನಪಿಡಿ. ಈ ಜೀನು 11ನೆಯ ಕ್ರೋಮೋಸೋಮಿನ ಹಿಮ್ಮುಖ ಎಳೆಯಲ್ಲಿದೆ. ಮುಮ್ಮುಖ ಎಳೆಯನ್ನು ತೆರೆದರೆ ‘ಎಸಿಸಿ ಎಎಸಿ ಸಿಟಿಜಿ’ ಎಂದು ಕಾಣುತ್ತದೆ. ಅದನ್ನು ತಿರುಗಿಸಿ, ಎಗೆ ಟಿ, ಸಿಗೆ ಜಿ ಎಂದು ಪೂರಕ ಅಕ್ಷರಗಳನ್ನು ಹಾಕಿಕೊಂಡಾಗಲೇ ನಮ್ಮ ತಾಣ ಸಿಗುವುದು.

ಹೆಜ್ಜೆ 5: ಉತ್ಪರಿವರ್ತನೆಯನ್ನು ಅಳೆಯುವುದು

ಬೀಟಾ ಗ್ಲೋಬಿನ್ ಸಾಕಷ್ಟು ತಯಾರಾಗದೆ ರಕ್ತಹೀನತೆ ಉಂಟಾಗುವ ಆನುವಂಶಿಕ ಕಾಯಿಲೆಯಾದ ಬೀಟಾ ಥಲಸ್ಸೀಮಿಯಾಗೆ ಭಾರತದಲ್ಲಿ ಅತಿ ಹೆಚ್ಚಾಗಿ ಕಾರಣವಾಗುವ ಉತ್ಪರಿವರ್ತನೆ ಇದೇ ತಾಣದಲ್ಲಿದೆ: ಇಂಟ್ರಾನಿನ ಐದನೆಯ ಅಕ್ಷರ ‘ಜಿ’ ಇದ್ದ ಕಡೆ ‘ಸಿ’. ಪಾಠ ಹೇಳುವ ‘ಜಿಟಿ’ಗೆ ಏನೂ ಆಗಿಲ್ಲ. ಬಾಯಿಪಾಠದ ನಿಯಮದ ಪ್ರಕಾರ ಈ ತಾಣ ಸುರಕ್ಷಿತ, ಜೀನಿನ ಎರಡೂ ಪ್ರತಿಗಳಲ್ಲಿ ಈ ಬದಲಾವಣೆ ಇರುವ ಮಗುವಿಗಾದರೋ ಜೀವನಪರ್ಯಂತ ರಕ್ತ ಬೇಕು. ಬಿಟ್‌ಗಳ ಲೆಕ್ಕ ಏನು ಹೇಳುತ್ತದೆ? +5ರಲ್ಲಿ 1.75 ಇದ್ದದ್ದು −2.32 ಆಗುತ್ತದೆ. ತಾಣದ ಬಲ 6.0ರಿಂದ 2.0ಕ್ಕೆ ಕುಸಿಯುತ್ತದೆ. ಒಂದು ಬಿಟ್ ಇಳಿದರೆ ಹಿಡಿತ ಕನಿಷ್ಠ ಅರ್ಧಕ್ಕೆ ಇಳಿಯುತ್ತದೆ ಎಂಬ ಸಿದ್ಧಾಂತದ ಲೆಕ್ಕದಲ್ಲಿ ನಾಲ್ಕು ಬಿಟ್ ಎಂದರೆ ಕನಿಷ್ಠ 16 ಪಟ್ಟು ನಷ್ಟ. ಮನುಷ್ಯನ ತಾಣಗಳ ಅಧ್ಯಯನಗಳಲ್ಲಿ ಕೆಲಸ ಮಾಡುವ ಅತಿ ದುರ್ಬಲ ತಾಣಗಳು ಎರಡು ಬಿಟ್‌ಗಳ ಆಸುಪಾಸಿನಲ್ಲಿ ಇವೆ. ಈ ತಾಣ ಆ ಅಂಚಿಗೆ ಬಂದು ನಿಂತಿದೆ. ಹೀಗಾಗಿ ಸರಿಯಾದ ಸಂದೇಶವಾಹಕ ಆರ್‌ಎನ್‌ಎ ಪೂರ್ತಿ ನಿಲ್ಲುವುದಿಲ್ಲ, ಬಹಳ ಕಡಿಮೆಯಾಗುತ್ತದೆ.

ಪಕ್ಕದ ಆರನೆಯ ಅಕ್ಷರದಲ್ಲಿ ‘ಟಿ’ ಹೋಗಿ ‘ಸಿ’ ಬಂದರೆ 0.88 ಇದ್ದದ್ದು −0.40 ಆಗುತ್ತದೆ. ತಾಣ 4.8 ಬಿಟ್‌ಗಳಲ್ಲಿ ಉಳಿಯುತ್ತದೆ. ಮೆಡಿಟರೇನಿಯನ್ ತೀರದ ಜನರಲ್ಲಿ ಕಾಣುವ ಈ ಬದಲಾವಣೆ ನಿಜವಾಗಿಯೂ ಸೌಮ್ಯ ರೂಪದ ಥಲಸ್ಸೀಮಿಯಾವನ್ನು ಕೊಡುತ್ತದೆ. ಮೊದಲ ಅಕ್ಷರ ‘ಜಿ’ಯೇ ಬದಲಾದರೆ ಕೋಷ್ಟಕದಲ್ಲಿ ಸೊನ್ನೆ, ಸೊನ್ನೆಯ ಲಾಗ್ ಇಲ್ಲ. ಆಗ ಸೊನ್ನೆಯ ಬದಲು, ತಾಣಗಳ ಸಂಖ್ಯೆಗೆ ಎರಡು ಕೂಡಿ ಒಂದನ್ನು ಅದರಿಂದ ಭಾಗಿಸಿದ ಅಂಕಿಯನ್ನು ಇಡುತ್ತಾರೆ. ಸಾವಿರ ತಾಣಗಳ ಕೋಷ್ಟಕವಾದರೆ ನಮ್ಮ ತಾಣ −4 ಬಿಟ್‌ಗಳ ಹತ್ತಿರ ಬರುತ್ತದೆ. ಸೊನ್ನೆಗಿಂತ ಕೆಳಗಿನ ತಾಣವನ್ನು ಯಂತ್ರ ಹಿಡಿಯುವುದಿಲ್ಲ. ಆ ಜೀನಿನ ಪ್ರತಿಯಿಂದ ಬೀಟಾ ಗ್ಲೋಬಿನ್ ತಯಾರಾಗುವುದೇ ಇಲ್ಲ. ಒಂದೇ ತಾಣದ ಮೂರು ಅಕ್ಷರಗಳು, ಮೂರು ಬಗೆಯ ಕಾಯಿಲೆ, ಮೂರಕ್ಕೂ ಒಂದೇ ಅಳತೆಗೋಲು. ಈ ವಿಧಾನದ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ಇದೇ ಕಾರಣಕ್ಕೆ.

ಇದು ಕಲಿಕೆಯ ಲೆಕ್ಕ, ರೋಗನಿರ್ಣಯವಲ್ಲ. ರಕ್ತಸಂಬಂಧದಲ್ಲಿ ಮದುವೆಗಳು ಇಂದಿಗೂ ನಡೆಯುವ ನಮ್ಮ ಭಾಗದಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ (ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವವರು) ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರೇ ಎಂದು ತಿಳಿಯಲು ಹಿಮೋಗ್ಲೋಬಿನ್ ಎ2 ಪ್ರಮಾಣವನ್ನು ನೋಡುವ ರಕ್ತಪರೀಕ್ಷೆ ಇದೆ. ಅನುಮಾನವಿದ್ದವರು ವೈದ್ಯರ ಬಳಿಗೇ ಹೋಗಬೇಕು, ನೋಟ್‌ಬುಕ್ಕಿನ ಬಳಿಗಲ್ಲ.

ಹೆಜ್ಜೆ 6: ಅಡಗಿರುವ ತಾಣಗಳನ್ನು ಹುಡುಕುವುದು

ನಿಜವಾದ ತಾಣ ದುರ್ಬಲವಾದಾಗ ಯಂತ್ರ ಸುಮ್ಮನಿರುವುದಿಲ್ಲ, ಹತ್ತಿರದ ಬೇರೆ ‘ಜಿಟಿ’ಗಳಲ್ಲಿ ಕತ್ತರಿಸುತ್ತದೆ. ಐದನೆಯ ಅಕ್ಷರ ಬದಲಾದ ಜೀನಿನಲ್ಲಿ ಇಂಥ ಮೂರು ತಾಣಗಳು ಪ್ರಯೋಗಗಳಿಂದ ತಿಳಿದಿವೆ: ಗಡಿಯಿಂದ 38 ಮತ್ತು 16 ಅಕ್ಷರ ಹಿಂದೆ, ಎಕ್ಸಾನಿನ ಒಳಗೆ ಎರಡು; ಇಂಟ್ರಾನಿನ 13ನೆಯ ಅಕ್ಷರದಲ್ಲಿ ಒಂದು. ಒಂಬತ್ತು ಅಕ್ಷರಗಳ ಕಿಟಕಿಯನ್ನು ಒಂದೊಂದೇ ಅಕ್ಷರ ಸರಿಸುತ್ತ ಇಡೀ ಪ್ರದೇಶಕ್ಕೆ ಬಲವನ್ನು ಲೆಕ್ಕ ಹಾಕಿ. ಈ ಮೂರಕ್ಕೆ ನಿಮಗೆ ಸಿಗಬೇಕಾದ ಉತ್ತರಗಳು:

38 ಹಿಂದೆ (ಎಎಜಿ, ಜಿಟಿಜಿಎಎಸಿ): 7.3 ಬಿಟ್
16 ಹಿಂದೆ (ಜಿಟಿಜಿ, ಜಿಟಿಜಿಎಜಿಜಿ): 8.1 ಬಿಟ್
13 ಮುಂದೆ (ಎಎಜಿ, ಜಿಟಿಟಿಎಸಿಎ): 2.8 ಬಿಟ್

ಉತ್ಪರಿವರ್ತನೆಯಾದ ನಿಜ ತಾಣ 2.0ಕ್ಕೆ ಇಳಿದಿರುವುದರಿಂದ ಮೂರೂ ಅದನ್ನು ಮೀರಿಸುತ್ತವೆ. ಲೆಕ್ಕಕ್ಕೂ ಪ್ರಯೋಗಕ್ಕೂ ಹೊಂದಿಕೆಯಾಯಿತು ಎಂದು ಪುಸ್ತಕ ಮುಚ್ಚುವ ಮೊದಲು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಉತ್ಪರಿವರ್ತನೆ ಇಲ್ಲದ ಆರೋಗ್ಯವಂತರ ಜೀನಿನಲ್ಲಿಯೂ ಈ 7.3 ಮತ್ತು 8.1ರ ತಾಣಗಳು ಇದ್ದೇ ಇವೆ, ನಿಜ ತಾಣದ ಬಲ ಬರೀ 6.0. ಆದರೂ ಯಂತ್ರ ನಿಜ ತಾಣವನ್ನೇ ಆರಿಸುತ್ತದೆ. ಬಿಟ್‌ಗಳ ಪೈಪೋಟಿ ಮಾತ್ರ ನಡೆಯುತ್ತಿದ್ದರೆ ನಮ್ಮೆಲ್ಲರಿಗೂ ಥಲಸ್ಸೀಮಿಯಾ ಇರಬೇಕಾಗಿತ್ತು.

ಈ ಜಾಗದಲ್ಲಿ ವಿದ್ಯಾರ್ಥಿಗಳು ನಿಂತು ಯೋಚಿಸಬೇಕೆಂದು ನನ್ನ ಆಸೆ. ಕಾರಣಗಳು ಒಂದಕ್ಕಿಂತ ಹೆಚ್ಚು. ನಮ್ಮ ಲೆಕ್ಕ ಒಂಬತ್ತು ಸ್ಥಾನಗಳನ್ನು ಪರಸ್ಪರ ಸಂಬಂಧವಿಲ್ಲದವು ಎಂದು ಭಾವಿಸುತ್ತದೆ. ನಿಜದಲ್ಲಿ −1 ಮತ್ತು +5ರಂಥ ಸ್ಥಾನಗಳು ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಳ್ಳುತ್ತವೆ. ಯು1 ಜೊತೆ ಜೋಡಿಯಾಗುವಾಗ ನಿರಂತರವಾಗಿ ಹೊಂದುವ ಅಕ್ಷರಗಳ ಸಾಲಿಗೆ ಬೆಲೆ ಹೆಚ್ಚು. ಇಂಥ ಸಂಬಂಧಗಳನ್ನು ಲೆಕ್ಕಕ್ಕೆ ಸೇರಿಸುವ ಗರಿಷ್ಠ ಎಂಟ್ರೊಪಿ (ಅನಿಶ್ಚಿತತೆ) ಮಾದರಿಯನ್ನು ಯೋ ಮತ್ತು ಬರ್ಜ್ 2004ರಲ್ಲಿ ಕೊಟ್ಟರು. ಅದರ ಜೊತೆಗೆ, ಮೂರನೆಯ ಹೆಜ್ಜೆಯಲ್ಲಿ ಕಂಡ ಹೊರಗಿನ ಸಂಕೇತಗಳು ಇಲ್ಲಿಯೂ ಕೆಲಸ ಮಾಡುತ್ತವೆ.

ಇದೇ 8.1ರ ತಾಣಕ್ಕೆ ಸೇರಿದ ಇನ್ನೊಂದು ಸಾಕ್ಷಿ ಇದೆ. ಈಶಾನ್ಯ ಭಾರತದಲ್ಲಿ ಹೆಚ್ಚಾಗಿ ಕಾಣುವ ಹಿಮೋಗ್ಲೋಬಿನ್ ಇ ಎಂಬ ಬದಲಾವಣೆಯಲ್ಲಿ 26ನೆಯ ಕೋಡಾನ್‌ನ (ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರು ಅಕ್ಷರಗಳ ಗುಂಪು) ಮೊದಲ ‘ಜಿ’ ಹೋಗಿ ‘ಎ’ ಬರುತ್ತದೆ. ಆ ಅಕ್ಷರ ಈ ಅಡಗಿದ ತಾಣದ +3. ನಮ್ಮ ಕೋಷ್ಟಕದಲ್ಲಿ ಏರಿಕೆ 0.12 ಬಿಟ್ ಮಾತ್ರ. ಜೀವಕೋಶದಲ್ಲಾದರೋ ಸ್ವಲ್ಪ ಪ್ರಮಾಣದ ಆರ್‌ಎನ್‌ಎ ಅಲ್ಲಿ ಕತ್ತರಿಸಿಹೋಗುವಷ್ಟು ಪರಿಣಾಮ ಆಗುತ್ತದೆ. ಆದ್ದರಿಂದ ಒಂದೇ ತಾಣದ ಮೊದಲಿನ ಬಲ ಮತ್ತು ನಂತರದ ಬಲವನ್ನು ಹೋಲಿಸುವಾಗ ದೊಡ್ಡ ಕುಸಿತಗಳನ್ನು ನಂಬಿ. ಎರಡು ಬೇರೆ ಬೇರೆ ತಾಣಗಳನ್ನು ಪರಸ್ಪರ ಹೋಲಿಸುವಾಗ ಎಚ್ಚರದಿಂದಿರಿ. ಸಣ್ಣ ವ್ಯತ್ಯಾಸ ಕಂಡಾಗ ಪರಿಣಾಮವಿಲ್ಲ ಎಂದು ಬರೆಯಬೇಡಿ.

ಅಕ್ಸೆಪ್ಟರ್ ತಾಣಕ್ಕೂ ವಿಧಾನ ಇದೇ. ಕಿಟಕಿ ಮಾತ್ರ ಉದ್ದ: ಇಂಟ್ರಾನಿನ ಕೊನೆಯ 25ರಷ್ಟು ಅಕ್ಷರಗಳು ಮತ್ತು ಎಕ್ಸಾನಿನ ಒಂದೆರಡು. ಕೊನೆಯ ‘ಎಜಿ’ಗೆ ಹೆಚ್ಚು ಮಾಹಿತಿ. ಅದರ ಹಿಂದಿನ ಸಿ ಮತ್ತು ಟಿ ತುಂಬಿದ ಪಟ್ಟಿಯಲ್ಲಿ ಪ್ರತಿ ಸ್ಥಾನಕ್ಕೂ ಚೂರುಚೂರೇ ಮಾಹಿತಿ, ಕೂಡಿಸಿದಾಗ ಒಟ್ಟು ಡೋನರ್‌ಗಿಂತ ಹೆಚ್ಚು, 9ನ್ನು ದಾಟುತ್ತದೆ. ಅಭ್ಯಾಸಕ್ಕೆ ಬೀಟಾ ಗ್ಲೋಬಿನ್‌ನ ಮೊದಲ ಇಂಟ್ರಾನಿನ 110ನೆಯ ಅಕ್ಷರದ ‘ಜಿ’ಯನ್ನು ‘ಎ’ ಮಾಡಿ ನೋಡಿ. ನಿಜವಾದ ತಾಣ ಹಾಗೆಯೇ ಇರುತ್ತದೆ, ಅದರ ಹಿಂದೆ ಹೊಸದೊಂದು ತಾಣ ಹುಟ್ಟುತ್ತದೆ, 19 ಅಕ್ಷರಗಳು ಹೆಚ್ಚುವರಿಯಾಗಿ ಸಂದೇಶದಲ್ಲಿ ಉಳಿದುಕೊಳ್ಳುತ್ತವೆ.

ಹೆಜ್ಜೆ 7: ತೊಗರಿಯ ಕೋಷ್ಟಕವನ್ನು ನಾವೇ ಕಟ್ಟುವುದು

ಮನುಷ್ಯನ ಜೀನುಗಳ ಮೇಲೆ ಜಗತ್ತೆಲ್ಲ ಕೆಲಸ ಮಾಡಿದೆ. ತೊಗರಿಯ ಮೇಲೆ ಮಾಡಬೇಕಾದದ್ದು ಇನ್ನೂ ಬಹಳ ಇದೆ. ಅದನ್ನು ಮಾಡಲು ತೊಗರಿಯ ಕಣಜದಲ್ಲಿಯೇ ಹುಟ್ಟಿದವರಿಗಿಂತ ಬೇರೆ ಯಾರಿಗೆ ಹೆಚ್ಚು ಕಾರಣವಿದೆ? ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಮುಂದಾಳತ್ವದಲ್ಲಿ ತೊಗರಿಯ ಜೀನೋಮ್ (ಇಡೀ ಡಿಎನ್‌ಎಯ ಅನುಕ್ರಮ) 2011ರ ಕೊನೆಯಲ್ಲಿ ಪ್ರಕಟವಾಯಿತು. ಆರಿಸಿಕೊಂಡ ತಳಿ ‘ಆಶಾ’. ಜೀನೋಮಿನ ಅಂದಾಜು ಗಾತ್ರ 83.3 ಕೋಟಿ ಅಕ್ಷರಗಳು, ಗುರುತಿಸಿದ ಜೀನುಗಳು 48,680. ಅನುಕ್ರಮವೂ ಜೀನುಗಳ ಗಡಿಗಳನ್ನು ನಮೂದಿಸಿದ ಜಿಎಫ್‌ಎಫ್ ಕಡತವೂ ಅಮೆರಿಕದ ಸಾರ್ವಜನಿಕ ಜೀವಮಾಹಿತಿ ಸಂಗ್ರಹವಾದ ಎನ್‌ಸಿಬಿಐ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಜಿಎಫ್‌ಎಫ್ ಕಡತದಿಂದ ಪ್ರತಿ ಜೀನಿನ ಎಕ್ಸಾನ್‌ಗಳನ್ನು ಕ್ರಮವಾಗಿ ಜೋಡಿಸಿ, ಎರಡು ಎಕ್ಸಾನ್‌ಗಳ ನಡುವಿನ ಜಾಗವನ್ನು ಇಂಟ್ರಾನ್ ಎಂದು ಗುರುತಿಸಿ. ಈ ಕಡತದಲ್ಲಿ ಎಣಿಕೆ ಒಂದರಿಂದ ಶುರುವಾಗುತ್ತದೆ, ಪೈಥಾನ್‌ನಲ್ಲಿ ಸೊನ್ನೆಯಿಂದ. ಹಿಮ್ಮುಖ ಎಳೆಯ ಜೀನುಗಳನ್ನು ತಿರುಗಿಸಿಕೊಳ್ಳಿ. ಒಂದೇ ಜೀನಿಗೆ ಹಲವು ಆರ್‌ಎನ್‌ಎ ರೂಪಗಳಿದ್ದರೆ ಅದೇ ಇಂಟ್ರಾನ್ ಹಲವು ಸಲ ಬಂದಿರುತ್ತದೆ. ಒಂದು ಸಲ ಮಾತ್ರ ಎಣಿಸಿ. ನಂತರ ಮೊದಲ ಪರೀಕ್ಷೆ: +1, +2ರಲ್ಲಿ ನೂರಕ್ಕೆ 97 ಅಥವಾ ಹೆಚ್ಚು ಕಡೆ ‘ಜಿಟಿ’ ಬಂತೇ? ಬರದಿದ್ದರೆ ಜೀವಶಾಸ್ತ್ರದಲ್ಲಿ ಹೊಸ ಸಂಶೋಧನೆ ಮಾಡಿದ್ದೀರಿ ಎಂದು ಸಂಭ್ರಮಿಸದೆ ಪ್ರೋಗ್ರಾಮಿನ ಎಣಿಕೆಯನ್ನು ಸರಿಪಡಿಸಿ.

ಬಂದ ತಾಣಗಳನ್ನು ಉಚಿತ ವೆಬ್‌ಲೋಗೋ ತಂತ್ರಾಂಶಕ್ಕೆ ಕೊಟ್ಟರೆ ಚಿತ್ರ ಬರುತ್ತದೆ. ಅದನ್ನು ಮನುಷ್ಯನ ಲೋಗೋ ಪಕ್ಕದಲ್ಲಿಡಿ. ಡೋನರ್‌ಗಳು ಬಹುಮಟ್ಟಿಗೆ ಒಂದೇ ತರಹ ಕಾಣುತ್ತವೆ. ವ್ಯತ್ಯಾಸವನ್ನು ಹುಡುಕಬೇಕಾದದ್ದು ಅಕ್ಸೆಪ್ಟರ್ ಕಡೆ ಮತ್ತು ಇಂಟ್ರಾನಿನ ಒಳಗೆ. ಸಸ್ಯಗಳ ಇಂಟ್ರಾನ್‌ಗಳಲ್ಲಿ ಎ ಮತ್ತು ಟಿ ಹೇರಳ, ಎಕ್ಸಾನಿನಿಂದ ಅವುಗಳನ್ನು ಬೇರ್ಪಡಿಸುವ ಗುರುತುಗಳಲ್ಲಿ ಅದೂ ಒಂದು. ಆಗ ಒಂದು ಪ್ರಶ್ನೆ ಏಳುತ್ತದೆ: ನಾಲ್ಕೂ ಅಕ್ಷರಗಳು ಸಮ ಎಂದು ಭಾವಿಸಿ 2 ಬಿಟ್‌ಗಳಿಂದ ಶುರುಮಾಡಿದ್ದು ಸರಿಯೇ? ಮೊದಲು 2 ಬಿಟ್‌ಗಳಿಂದಲೇ ಮಾಡಿ, ಆಮೇಲೆ ತೊಗರಿಯ ನಿಜವಾದ ಅಕ್ಷರ ಪ್ರಮಾಣವನ್ನು ಇಟ್ಟು ಮತ್ತೆ ಮಾಡಿ, ಎರಡನ್ನೂ ವರದಿಯಲ್ಲಿ ಕೊಡಿ ಎಂಬುದು ನನ್ನ ಸಲಹೆ. ಒಂದನ್ನು ಮಾತ್ರ ಕೊಟ್ಟರೆ ಬೇರೆಯವರ ಅಂಕಿಗಳ ಜೊತೆ ಹೋಲಿಸಲು ಆಗುವುದಿಲ್ಲ.

ಕೊನೆಗೆ ಒಂದು ಜೀನನ್ನು ಆರಿಸಿಕೊಂಡು ಆಳಕ್ಕೆ ಇಳಿಯಿರಿ. ನೆಟೆ ರೋಗ ಮತ್ತು ಗೊಡ್ಡು ರೋಗ ನಮ್ಮ ರೈತರನ್ನು ಎಷ್ಟು ಕಾಡುತ್ತವೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳನ್ನು ಬಿತ್ತಿದ ಮನೆಯ ಮಕ್ಕಳೇ ನಿಮ್ಮ ತರಗತಿಯಲ್ಲಿ ಇರಬಹುದು. ರೋಗನಿರೋಧಕ್ಕೆ ಸಂಬಂಧಿಸಿದ ಒಂದು ಜೀನಿನ ಎಲ್ಲ ಡೋನರ್ ಮತ್ತು ಅಕ್ಸೆಪ್ಟರ್‌ಗಳ ಬಲವನ್ನು, ನೀವು ತೊಗರಿಯಿಂದಲೇ ಕಟ್ಟಿದ ಕೋಷ್ಟಕ ಬಳಸಿ ಪಟ್ಟಿ ಮಾಡಿ. ಸೋತು ಹೋಗುವ ಮತ್ತು ತಾಳಿಕೊಳ್ಳುವ ತಳಿಗಳ ಅನುಕ್ರಮಗಳು ಸಾರ್ವಜನಿಕ ಸಂಗ್ರಹದಲ್ಲಿ ಸಿಕ್ಕರೆ ಅವುಗಳಲ್ಲಿ ಅಕ್ಷರ ಬದಲಾದ ತಾಣಗಳನ್ನು ಗುರುತಿಸಿ, ಬಲ ಒಂದು ಬಿಟ್‌ಗಿಂತ ಹೆಚ್ಚು ಏರಿಳಿದ ತಾಣಗಳನ್ನು ಪ್ರತ್ಯೇಕಿಸಿ. ಆ ಸಣ್ಣ ಪಟ್ಟಿಯನ್ನು ಆರ್‌ಎನ್‌ಎ ಓದುಗಳ (ಗಿಡದ ಆರ್‌ಎನ್‌ಎಯಿಂದ ಓದಿ ತೆಗೆದ ಅನುಕ್ರಮದ ತುಣುಕುಗಳು) ಜೊತೆ ತಾಳೆ ನೋಡಬೇಕು: ಲೆಕ್ಕ ದುರ್ಬಲ ಎಂದ ತಾಣವನ್ನು ಗಿಡ ನಿಜವಾಗಿಯೂ ಬಿಟ್ಟುಬಿಡುತ್ತಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ವರದಿಯಲ್ಲಿ ಪ್ರತಿ ತಾಣದ ಪೂರ್ಣ ಅನುಕ್ರಮ, ಎಳೆಯ ದಿಕ್ಕು, ಕೋಷ್ಟಕಕ್ಕೆ ಬಳಸಿದ ತಾಣಗಳ ಸಂಖ್ಯೆ, ಕಳೆದ ತಿದ್ದುಪಡಿ, ಜೀನೋಮಿನ ಯಾವ ಆವೃತ್ತಿ ಎಂಬುದನ್ನು ನಮೂದಿಸಿ, ಲೆಕ್ಕಕ್ಕೆ ಹೊಂದದ ತಾಣಗಳನ್ನೂ ಅದೇ ಪಟ್ಟಿಯಲ್ಲಿ ಉಳಿಸಿಕೊಳ್ಳಿ.